ನಡುಹೊಳೆಯ ಬಂಡೆಯಿಂದ ಹೊರಟ ಹರಿಗೋಲು

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ದಿನಗಳಲ್ಲಿ ಕುಶಾಲನಗರದ ಕೆಳಗೆ ಕಾವೇರಿಯೇ ಗಡಿ. ಈ ದಡ ಕೊಡಗು, ಆ ದಡ ಮೈಸೂರು. ಪ್ರತಿ ಬೇಸಿಗೆ, ಮಳೆಗೆ ಮುಂಚೆ, ಎರಡೂ ದಡದವರು ಹರಿಗೋಲುಗಳಿಗೆ ಹೊಸ ಚರ್ಮ ಹೊದಿಸುತ್ತಿದ್ದರು. ಹೊದಿಕೆ ಗಟ್ಟಿಯಿದೆಯೇ ಎಂದು ನೋಡಲು ಒಂದು ಪಂದ್ಯ ನಡೆಯುತ್ತಿತ್ತು. ದಡಕ್ಕೊಂದು ಹರಿಗೋಲು, ಅದರಲ್ಲಿ ಇಬ್ಬರು. ಕೆಳಗಿನ ಮರಳುದಿಣ್ಣೆಯಲ್ಲಿ ಕೋಲಿಗೆ ಕಟ್ಟಿ ನೆಟ್ಟ ಕೆಂಪು ಟವಲನ್ನು ಮೊದಲು ಕಿತ್ತವರು ಗೆದ್ದಂತೆ.

ನಾವು ಹಾಸನದ ಕಡೆಯಿಂದ ಬಂದು ಈ ದಡದಲ್ಲಿ ಗದ್ದೆ ಮಾಡಿದವರು. ಮಳೆಗಾಲದಲ್ಲಿ ಜನರನ್ನು ದಾಟಿಸುತ್ತಿದ್ದವನು ನನ್ನ ಅಣ್ಣನೇ. ಆ ವರ್ಷ ಪಂದ್ಯಕ್ಕೂ ತಾನೇ ಇಳಿಯುತ್ತೇನೆಂದ. ಪಂದ್ಯ ನಡೆಸುತ್ತಿದ್ದ ಊರ ಹಿರಿಯರು ಬೇಡವೆಂದು ತಲೆಯಾಡಿಸಿದರು.

"ನೀನು ಆ ಕಡೆಯೋನಲ್ವೇನಪ್ಪ? ಮೈಸೂರಿನೋರ ಜೊತೆ ಇಳಿ."

ಅಣ್ಣ ಹೊಳೆ ದಾಟಿ ಆ ದಡದವರನ್ನು ಕೇಳಿದ. ಅವರು ನಕ್ಕರು. "ಗದ್ದೆ ಅಲ್ಲಿ, ಒಲೆ ಅಲ್ಲಿ. ಇಲ್ಲೇನ್ಲಾ ನಿಂಗೆ?"

ಪಂದ್ಯದ ದಿನ ಅವನು ಹರಿಗೋಲನ್ನು ನಡುಹೊಳೆಯ ಬಂಡೆಗೆ ಕಟ್ಟಿ ನಿಂತ. ಜೊತೆಗೆ ಹುಟ್ಟು ಹಾಕಲು ಯಾವ ಹುಡುಗನೂ ಬರಲಿಲ್ಲವಾದ್ದರಿಂದ ಅತ್ತಿಗೆ ಸೀರೆ ಎತ್ತಿ ಕಟ್ಟಿ ಕೂತಿದ್ದಳು. ನಾನು ಅವಳ ಮಗುವನ್ನು ಎತ್ತಿಕೊಂಡು ದಡದಲ್ಲಿದ್ದೆ.

"ಹೆಂಡ್ತಿನ ಕರ್ಕಂಡು ತೌರಿಗೆ ಹೊಂಟ್ಯೇನೋ?" ಎಂದು ಯಾರೋ ಕೂಗಿದರು.

"ಹೂಂ ಕಣಣ್ಣ, ದಾರಿಗಡ್ಡ ಬರಬ್ಯಾಡಿ," ಎಂದಳು ಅತ್ತಿಗೆ.

ಹಿರಿಯರು ಆಕ್ಷೇಪಿಸಿದರು. ನಡುನೀರಿನಲ್ಲಿ ಸೆಳೆತ ಜಾಸ್ತಿ, ಅಲ್ಲಿಂದ ಹೊರಡುವುದು ಮೋಸ ಎಂದರು. ಅದು ನಿಜವೂ ಹೌದು. ಅಣ್ಣ ವಾದಿಸಲಿಲ್ಲ. ಎರಡೂ ಹರಿಗೋಲುಗಳು ಬಂಡೆ ದಾಟಿ ಮುಂದೆ ಹೋಗುವವರೆಗೆ ಹಗ್ಗ ಬಿಚ್ಚಲೇ ಇಲ್ಲ. ಆಮೇಲೆ ಇಬ್ಬರೂ ಹುಟ್ಟು ಹಾಕಿದರು. ಟವಲು ಕಿತ್ತವರು ಮೈಸೂರಿನವರು. ಅಣ್ಣ ಎರಡನೆಯವನು. ನಮ್ಮ ದಡದ ಹರಿಗೋಲು ತಿರುಗುತ್ತ ತಿರುಗುತ್ತ ಕೊನೆಗೆ ಬಂತು. ಆ ಸಂಜೆ ನಮ್ಮ ದಡದಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅದೇ ಹಿರಿಯರು ಅಂಗಳಕ್ಕೆ ಬಂದರು.

"ಈ ಸಲ ನಮ್ ಪರವಾಗಿ ಇಳಿಯಪ್ಪ."

"ಅದನ್ನ ಹೊಳೆ ಹತ್ರ, ಎಲ್ಲರ ಮುಂದೆ ಹೇಳಿ," ಎಂದ ಅಣ್ಣ.

ಪಂದ್ಯದ ಹೊತ್ತಿಗೆ ಅವನೂ ಅತ್ತಿಗೆಯೂ ನಮ್ಮ ದಡದ ಹರಿಗೋಲಿನಲ್ಲಿ ಕೂತರು. ಆದರೆ ಹುಟ್ಟು ಮುಟ್ಟಲಿಲ್ಲ. ಅಕ್ಕಪಕ್ಕದ ಊರಿನವರೆಲ್ಲ ಸೇರಿದ್ದರು.

"ಹೇಳಿ," ಎಂದ ಅಣ್ಣ.

"ಹರಿಗೋಲು ನಮ್ದೇ," ಎಂದರು ಹಿರಿಯರು.

"ಹರಿಗೋಲಿಗೆ ಚರ್ಮ ಹೊದಿಸಿದ್ದು ನಾನು. ಕೂತಿರೋರು ಯಾವ ದಡದೋರು, ಅದನ್ನ ಹೇಳಿ."

ಹಿರಿಯರು ಮೆಲ್ಲಗೆ ಏನೋ ಅಂದರು. ಅಣ್ಣ ಕಿವಿಗೆ ಕೈ ಇಟ್ಟು ಆ ದಡವನ್ನು ತೋರಿಸಿದ. ಎದುರಿನ ಹರಿಗೋಲು ನೀರಿಗಿಳಿದು ಕಾಯುತ್ತಿತ್ತು. ಜನ ಗೊಣಗತೊಡಗಿದರು. ಅಣ್ಣ ಅಲುಗಲಿಲ್ಲ, ಅತ್ತಿಗೆಯೂ ಅಲುಗಲಿಲ್ಲ. ಕೊನೆಗೆ ಹಿರಿಯರು ಮೊಣಕಾಲವರೆಗೆ ನೀರಿಗಿಳಿದು ಕೂಗಿದರು:

"ಇವರು ಕೊಡಗಿನೋರು! ಈ ದಡದೋರು!"

ಆಚೆಯಿಂದ ಉತ್ತರ ಬಂತು: "ಕೇಳುಸ್ತು ಕಣ್ರಪ್ಪೋ! ಇನ್ನಾದ್ರೂ ಹರಿಗೋಲು ಬಿಡಿ!"

ಆಗ ಅತ್ತಿಗೆ ಹುಟ್ಟು ಎತ್ತಿಕೊಂಡಳು.