ಎರಡು ಅಡಿ ಏಳು ಸೂತ್

ಗೆಳೆಯರೇ, ಭಿನ್ನರಾಶಿ ಚೆನ್ನಾಗಿ ಬರುವವರು ಯಾರಾದರೂ ಇದ್ದೀರಾ?

ವಡಾಲದ ನಮ್ಮ ಹಳೇ ಬಿಲ್ಡಿಂಗ್‌ಗೆ ಇವತ್ತು ಬೆಳಿಗ್ಗೆ ಕಪಾಟು ಮಾಡಲು ವಿಜಯಪುರ ಕಡೆಯ ಬಡಗಿ ಮೌಲಾಸಾಬ್ ಬಂದಿದ್ದರು. ಅವರ ಲೆಕ್ಕವೆಲ್ಲ ಸೂತ್‌ನಲ್ಲಿ. ಇಂಚಿಗೆ ಎಂಟು ಸೂತ್. ಮನೆಯ ಉದ್ದವನ್ನು ಹೊರಗೆ ಗ್ಯಾಲರಿಯಲ್ಲಿ ಅಳೆದರು. ಆಮೇಲೆ ಒಳಗಿನ ಎರಡು ಕೋಣೆ, ಗೋಡೆಗಳ ದಪ್ಪ ಎಲ್ಲ ಕೂಡಿಸಿದರು.

“ಒಳಗ ಎರಡ್ ಫೂಟ್ ಏಳ್ ಸೂತ್ ಕಮ್ಮಿ ಬರಾಕತ್ತೈತ್ರಿ.”

“ನಿಮಗೆ ಕೂಡಿಸೋಕೆ ಬರಲ್ಲ!” ಎಂದು ರೇಗಿ ನಾನೇ ಟೇಪು ಹಿಡಿದೆ. ಅರ್ಧ, ಕಾಲು ಎಲ್ಲದರ ಛೇದವನ್ನೂ ಎಂಟಕ್ಕೆ ತಂದು ಶಾಲೆಯ ರೀತಿಯಲ್ಲೇ ಕೂಡಿಸಿದೆ. ಎರಡು ಅಡಿ, ಏಳು ಬೈ ಎಂಟು ಇಂಚು ಕಡಿಮೆ. ಅಂದರೆ ಅದೇ ಏಳು ಸೂತ್.

ಮೌಲಾಸಾಬ್ ನನ್ನ ಮಂಚದ ತಲೆಯ ಕಡೆಯ ಗೋಡೆಯನ್ನು ತಟ್ಟಿದರು. ಟೊಳ್ಳು ಸದ್ದು. ಟೇಪು ತೆಗೆದು ತಮ್ಮದೇ ಭುಜದ ಅಗಲ ಅಳೆದುಕೊಂಡರು.

“ಒಬ್ರು ನಿಂದ್ರಾಕ ಸಾಕ್ರಿ.”

“ಒಡೆದು ನೋಡಿ ಮತ್ತೆ!”

“ಲೆಕ್ಕ ತಪ್ಪಿದ್ರ ಒಡೀತಿದ್ನಿರಿ. ಸರಿ ಐತಲ್ಲ, ಅದಕ್ಕ ಒಲ್ಲೆ” ಎಂದವರೇ ಚೀಲ ಎತ್ತಿಕೊಂಡು ಹೊರಟುಹೋದರು.

ನನ್ನ ಮಂಚ ಈಗ ಹಾಲ್‌ನಲ್ಲಿದೆ. ಲೆಕ್ಕವನ್ನು ಕಾಮೆಂಟಿನಲ್ಲಿ ಹಾಕಿದ್ದೇನೆ, ದಯವಿಟ್ಟು ನೋಡಿ. ಸರಿಯಾಗಿದೆ ಎಂದವರನ್ನು ಅನ್‌ಫ್ರೆಂಡ್ ಮಾಡುತ್ತೇನೆ.