ಸೀಟು ಹಿಡಿದು ನಡೆಸಿದ ಸೈಕಲ್ಲು

ಹೋದ ತಿಂಗಳು ಕೊಟ್ಟೂರಿನಲ್ಲಿ ಗುಜರಿ ಅಂಗಡಿಗೆ ಹಳೇ ಪೇಪರು ಹಾಕಲು ಹೋಗಿದ್ದೆ. ತೂಕ ಆಗುವವರೆಗೆ ಕೈಕಟ್ಟಿ ನಿಲ್ಲುವುದು ನನ್ನ ಜಾಯಮಾನದಲ್ಲಿಲ್ಲ. ಅಲ್ಲಿದ್ದ ರಾಶಿಯಲ್ಲಿ ಕೈಯಾಡಿಸಿದೆ. ತೂತು ಬಿದ್ದ ಕೊಡ, ಮುಚ್ಚಳವಿಲ್ಲದ ಟ್ರಂಕು… ಅದರಡಿ ಒಂದು ಸೈಕಲ್ ಸೀಟು ಸಿಕ್ಕಿತು. ಹಳೇ ಕಾಲದ್ದು, ದಪ್ಪ ಚರ್ಮ, ಕೆಳಗೆ ತುಕ್ಕು ಹಿಡಿದ ಸ್ಪ್ರಿಂಗು. ಎತ್ತಿ ಮೂಗಿಗೆ ಹಿಡಿದರೆ ಔಡಲೆಣ್ಣೆಯ ವಾಸನೆ. ಇಷ್ಟು ವರ್ಷ ಚರ್ಮದಲ್ಲಿ ಎಣ್ಣೆ ಉಳಿದೀತೇ? ಆ ವಾಸನೆ ನನ್ನ ಮೂಗಿನಲ್ಲೇ ಕೂತಿತ್ತೋ ಏನೋ. ಅಂಗಡಿಯವನು, ಬೇಕೇನ್ರಿ ಸರ, ಎಂದು ಕೇಳಿದ. ಬೇಡ ಎಂದೆ. ಬೇಡ ಎಂದವನು ಅದನ್ನು ಕೆಳಗಿಡಲಿಲ್ಲ.

ನಮ್ಮ ಪಕ್ಕದ ಮನೆಯ ಕಾಕಾ ಪ್ರತಿ ಭಾನುವಾರ ಕಟ್ಟೆಯ ಮೇಲೆ ಕೂತು ತಮ್ಮ ಸೈಕಲ್ಲಿನ ಸೀಟಿಗೆ ಔಡಲೆಣ್ಣೆ ತಿಕ್ಕುತ್ತಿದ್ದರು. ಊರಿನಲ್ಲಿ ಟಪಾಲು ಹಂಚುವ ಕೆಲಸ ಅವರದು. ರಕ್ತ ಹಂಚಿಕೊಂಡ ಕಾಕಾ ಅಲ್ಲ, ಆದರೆ ನಮ್ಮಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಸೂರು ಹೊದಿಸಿದವರು, ನನ್ನ ಶಾಲೆಯ ಅರ್ಜಿಗೆ ಸಹಿ ಹಾಕಿದವರು ಅವರೇ. ಅವರಿಗೆ ಒಬ್ಬಳೇ ಮಗಳು. ಅವಳಿಗೆ ಅಣ್ಣ ಇರಲಿಲ್ಲ, ನನಗೆ ತಂಗಿ ಇರಲಿಲ್ಲ. ಪಂಚಮಿಗೆ ಜೋಕಾಲಿ ಕಟ್ಟಿಕೊಡುವವನು ನಾನು, ನನ್ನ ಪಾಲಿನ ಉಂಡಿ ಎತ್ತಿಡುವವಳು ಅವಳು. ಹಾಗಿತ್ತು ನಮ್ಮ ಎರಡು ಮನೆ.

ಓಣಿಯಲ್ಲಿ ಯಾರು ಹಳೇ ಸೈಕಲ್ಲು ಕೊಳ್ಳುವುದಿದ್ದರೂ ಕಾಕಾ ಜೊತೆಗೆ ಬೇಕು. ಎತ್ತು ಕೊಳ್ಳುವಾಗ ಹಲ್ಲು ನೋಡಬಲ್ಲ ಹಿರಿಯರನ್ನು ಕರೆದೊಯ್ಯುತ್ತಾರಲ್ಲ, ಹಾಗೆ. ಅವರು ಹ್ಯಾಂಡಲ್ ಮುಟ್ಟುತ್ತಲೇ ಇರಲಿಲ್ಲ. ಒಂದು ಕೈಯಿಂದ ಸೀಟು ಮಾತ್ರ ಹಿಡಿದು ಸೈಕಲ್ಲನ್ನು ಇಪ್ಪತ್ತು ಹೆಜ್ಜೆ ನಡೆಸುವರು. ಚೌಕಟ್ಟು ನೆಟ್ಟಗಿದ್ದರೆ ಸೈಕಲ್ಲು ಗೆರೆ ಎಳೆದಂತೆ ಹೋಗುತ್ತದೆ. ಎಲ್ಲಾದರೂ ಬಿದ್ದು ಸೊಟ್ಟಗಾಗಿದ್ದರೆ ಒಂದು ಬದಿಗೆ ಎಳೆಯುತ್ತದೆ. ಆಮೇಲೆ ಹ್ಯಾಂಡಲ್ಲಿನ ಕೆಳಗೆ, ಕುತ್ತಿಗೆಯ ಹತ್ತಿರ, ಮುರಿದು ಬೆಸೆದದ್ದೇನಾದರೂ ಅಡಗಿದೆಯೇ ಎಂದು ಉಗುರಿನಿಂದ ಬಣ್ಣ ಕೆರೆದು ನೋಡುವರು. ನನಗೂ ಅದನ್ನು ಕಲಿಸಿಕೊಟ್ಟಿದ್ದರು. "ಹ್ಯಾಂಡಲ್ ಹಿಡಿದ್ರ ಅದು ನಿನ್ನ ಮಾತು ಕೇಳ್ತೈತಿ ತಮ್ಮಾ. ಸೀಟು ಹಿಡಿ, ಅದರ ಮಾತು ಅದು ಹೇಳ್ತೈತಿ" ಎಂದಿದ್ದರು.

ಎಪ್ಪತ್ತರ ದಶಕದ ಕೊನೆಗೆ ನನಗೆ ಮಲೇರಿಯಾ ಕೆಲಸ ಸಿಕ್ಕಿತು. ಟೆಂಪರ್ವರಿ. ಕೋಗಳಿ ಕಡೆಯ ಹಳ್ಳಿಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ತುಂಡಿಗೆ ರಕ್ತ ಹಚ್ಚಿಕೊಂಡು ಬರಬೇಕು. ಹೋದ ಗುರುತಿಗೆ ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆಯಬೇಕು. ಕೂಡ್ಲಿಗಿಯಿಂದ ಸೂಪರ್‌ವೈಜರ್ ಬಂದು ನಮ್ಮ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದ. ಎರಡು ಸುತ್ತು ತಪ್ಪಿದರೆ ಹೆಸರು ಹೊಡೆದು ಹಾಕುತ್ತಿದ್ದ. ವರ್ಷ ತುಂಬಿಸಿದವರನ್ನು ಕಾಯಂ ಮಾಡುತ್ತಾರೆಂಬ ಮಾತಿತ್ತು. ನಡೆದು ಮುಗಿಯುವ ಸುತ್ತಲ್ಲ ಅದು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೈಕಲ್ಲನ್ನು ಊರು ದಾಟಿಸಲು ಬಿಡುತ್ತಿರಲಿಲ್ಲ. ಸ್ವಂತದ್ದೊಂದು ಬೇಕೇಬೇಕಿತ್ತು. ಹೊಸದಂತೂ ನನ್ನ ಕೈಗೆ ಎಟುಕದ ಮಾತು. ಅವ್ವ ಮತ್ತು ನಾನು ಸೇರಿ ಕೂಡಿಸಿದ್ದು ನೂರೈವತ್ತು ರೂಪಾಯಿ.

ಯುಗಾದಿ ಇನ್ನೂ ಬಂದಿರಲಿಲ್ಲ. ಕಾಕಾ ಒಂದು ದಿನ ರಜೆ ಹಾಕಿ ನನ್ನ ಜೊತೆ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಬಂದರು. ಅಲ್ಲಿ ಹಳೇ ಸೈಕಲ್ಲು ಮಾರುವ ಒಬ್ಬ ಸಾಬರ ಅಂಗಡಿ ಇತ್ತು. ನನ್ನ ದುಡ್ಡಿಗೆ ಬರುವಂಥವು ಎರಡೇ. ಒಂದು ಕರಿ ಸೈಕಲ್ಲು, ಮಂಕಾಗಿತ್ತು, ಸೀಟಿನ ಚರ್ಮ ಬಿರುಕು ಬಿಟ್ಟಿತ್ತು, ಹಿತ್ತಾಳೆ ಗಂಟೆ ಒಂದು ಕಡೆ ನೆಗ್ಗಿತ್ತು. ಇನ್ನೊಂದು ಹಸಿರು. ಅಬ್ಬಾ, ಅದರ ಥಳಕೇ ಥಳಕು! ಡೈನಮೋ ದೀಪ ಬೇರೆ. ಕರಿಯದು ತಾವು ಬಲ್ಲವರ ಕೈಯಲ್ಲಿದ್ದದ್ದೆಂದೂ, ಹಸಿರಿನದು ಸಂತೆಯಿಂದ ಬಂದದ್ದು, ಬಣ್ಣ ತಾವು ಹೊಡೆದದ್ದಲ್ಲವೆಂದೂ ಸಾಬರು ಮೊದಲೇ ಹೇಳಿದರು. ನನಗೆ ಕರಿಯದರ ಮೇಲೆ ಮನಸ್ಸಾಯಿತು.

ಕಾಕಾ ಕರಿಯದರ ಸೀಟು ಹಿಡಿದು ನಡೆಸಿದರು. ಹತ್ತು ಹೆಜ್ಜೆಗೆ ಅದು ಎಡಕ್ಕೆ ಎಳೆಯಿತು. ತಿರುಗಿಸಿ ಮತ್ತೆ ನಡೆಸಿದರು, ಮತ್ತೆ ಎಡಕ್ಕೇ. ಇದರ ಚೌಕಟ್ಟು ಸೊಟ್ಟ ಐತಿ, ವರ್ಷದಾಗ ನಿನ್ನ ಸೊಂಟ ಮುರೀತೈತಿ ಎಂದರು. ಹಸಿರಿನದನ್ನು ನಡೆಸಿದರೆ ಅದು ನೆಟ್ಟಗೆ ಹೋಯಿತು. ಅದರ ಕುತ್ತಿಗೆಯ ಬಣ್ಣವನ್ನು ಅವರು ಅವತ್ತು ಕೆರೆಯಲಿಲ್ಲ… ಅದು ನನಗೆ ಆಗಲೇ ಕಂಡಿತ್ತು, ಆದರೆ ಕೇಳಲಿಲ್ಲ.

ಸಾಬರು ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು ನನ್ನ ಹತ್ತಿರ ಬಂದರು. "ಕರೇದನ್ನ ಒಂದ್ಸಲ ನೀವೇ ಹಿಡಿದು ನೋಡ್ರಲ್ಲ."

ನಾನು ನಕ್ಕೆ. ನಗುವುದು ಬೇರೆ! "ಕಾಕಾ ನೋಡ್ಯಾರಲ್ರಿ. ಅವರು ನೋಡಿದ ಮ್ಯಾಲೆ ನಾನೇನು ನೋಡಾದು?"

ಅಪ್ಪನ ಜಾಗದಲ್ಲಿ ನಿಂತವರು ಪರೀಕ್ಷೆ ಮಾಡಿದ ಮೇಲೆ, ಅವರೆದುರಿಗೇ ನಾನು ಮತ್ತೆ ಸೀಟು ಹಿಡಿದರೆ ಅವರಿಗೆ ಅವಮಾನ ಮಾಡಿದಂತೆ. ನಮ್ಮಲ್ಲಿ ಹಾಗೆ ಮಾಡುವ ಪದ್ಧತಿ ಇಲ್ಲ. ಸಾಬರು ಕಾಕಾನ ಮುಖ ಒಮ್ಮೆ ನೋಡಿ, ಹಸಿರು ಸೈಕಲ್ಲಿನ ನಟ್ಟು ಬಿಗಿ ಮಾಡಲು ಹೋದರು.

ಹಸಿರನ್ನೇ ಕೊಂಡು ನಾಲ್ಕು ತಿಂಗಳು ತುಳಿದೆ. ಒಂದು ಗೋಡೆಯ ತಾರೀಖೂ ತಪ್ಪಿಸಲಿಲ್ಲ. ಆ ಬೇಸಿಗೆಯಲ್ಲೇ ಕಾಕಾನ ಮಗಳ ಲಗ್ನವೂ ಆಯಿತು, ನಮ್ಮ ಸೀಮೆಯದೇ ಅರಸೀಕೆರೆ ಎಂಬ ಊರಿನ ಹುಡುಗನಿಗೆ ಕೊಟ್ಟರು. ಪಂಗತಿಯಲ್ಲಿ ಬಡಿಸಿ ಬಡಿಸಿ ನನ್ನ ಭುಜ ಬಿದ್ದುಹೋಗಿತ್ತು. ಅವಳು ಹೊರಟಾಗ ಅವಳ ಅಪ್ಪನಿಗಿಂತ ಹೆಚ್ಚು ಅತ್ತವನು ನಾನು ಎಂದು ಅವ್ವ ಎಷ್ಟೋ ವರ್ಷ ಆಡಿಕೊಂಡಳು.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ, ಕೋಗಳಿಗೆ ಮುಂಚೆ ಹಳ್ಳದ ಇಳಿಜಾರಿನಲ್ಲಿ, ಸೈಕಲ್ಲಿನ ಕುತ್ತಿಗೆ ಕಳಚಿತು. ಹ್ಯಾಂಡಲ್ಲು ನನ್ನ ಕೈಯಲ್ಲಿತ್ತು, ಸೈಕಲ್ಲು ಹಿಂದೆ ಉಳಿಯಿತು. ಬಲಗೈ ಮಣಿಕಟ್ಟು ಮುರಿಯಿತು, ಡಬ್ಬಿಯಲ್ಲಿದ್ದ ಗಾಜೆಲ್ಲ ಪುಡಿ. ಬಿದ್ದಲ್ಲಿಂದಲೇ ನೋಡಿದೆ, ಮುರಿದ ಬಾಯಲ್ಲಿ ಹಸಿರು ಬಣ್ಣದ ಕೆಳಗೆ ಹಿತ್ತಾಳೆಯ ಹಳೇ ಬೆಸುಗೆ ಹಳದಿಯಾಗಿ ಕಾಣುತ್ತಿತ್ತು. ಹಿಂದೊಮ್ಮೆ ಮುರಿದದ್ದನ್ನು ಕೂಡಿಸಿ ಬಣ್ಣ ಬಳಿದಿದ್ದರು. ಉಗುರಿನಿಂದ ಒಂದು ಸಲ ಕೆರೆದಿದ್ದರೆ ಸಾಕಿತ್ತು.

ಆದರೂ ಆಗ ನನಗೆ ಕಾಕಾನ ಮೇಲೆ ಅನುಮಾನ ಬರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅವರು ಸಂಜೆ ಬಂದು, ಹಳೇ ಸಾಮಾನು ತಮ್ಮಾ, ಯಾರ ಕೈಯಾಗ ಐತಿ ಎಂದು ನನ್ನ ಕೈಯ ಪಟ್ಟಿ ಸವರಿದಾಗ, ಅವರಿಗೆ ಬೇಜಾರಾದೀತೆಂದು ನಾನೇ ಸಮಾಧಾನ ಹೇಳಿದೆ. ಎರಡು ಸುತ್ತು ತಪ್ಪಿತು. ಸೂಪರ್‌ವೈಜರ್ ಗೋಡೆ ನೋಡಿದ. ನನ್ನ ಜಾಗಕ್ಕೆ ಬೇರೊಬ್ಬ ಬಂದ.

ಶ್ರಾವಣ ಬಂತು. ಕಾಕಾ ಟಪಾಲಿಗೆ ಹೋಗಿದ್ದಾಗ ಕಾಕಿ ಬಂದು, ಪಂಚಮಿಗೆ ತಂಗೀನ ಕರಕೊಂಡು ಬಾರಪ್ಪ, ಅಣ್ಣ ಅಂತ ಇನ್ಯಾರದಾರ ಆಕಿಗೆ ಎಂದರು. ಕೆಲಸವಿಲ್ಲದ ನನಗೆ ಅದೇ ದೊಡ್ಡ ಸಂಭ್ರಮ. ಅರಸೀಕೆರೆಗೆ ಹೋದೆ. ತಂಗಿ ಅಣ್ಣಾ ಎಂದು ಓಡಿ ಬಂದು ಕೈಕಾಲಿಗೆ ನೀರು ಕೊಟ್ಟಳು. ಬಾಗಿಲ ಪಕ್ಕದಲ್ಲಿ ಒಂದು ಕರಿ ಸೈಕಲ್ಲು ಒರಗಿತ್ತು. ಸೀಟಿಗೆ ಎಣ್ಣೆ ಕುಡಿಸಿದ್ದರು. ಹಿತ್ತಾಳೆ ಗಂಟೆ ಒಂದು ಕಡೆ ನೆಗ್ಗಿತ್ತು.

ಅಳಿಯ ಪಾಪ, ಒಳ್ಳೆಯವನು. "ಮಾವನೋರು ಲಗ್ನಕ್ಕ ಕೊಟ್ಟಿದ್ದು. ಅವರು ಪರೀಕ್ಷಿ ಮಾಡಿ ಆರಿಸಿದ್ದು ಅಂದ್ರ ಕೇಳಬೇಕೇನ್ರಿ" ಎಂದು ಹಿಗ್ಗಿನಿಂದ ಹೇಳಿ ಒಳಗೆ ಹೋದ.

ಎಡಗೈಯಿಂದ ಸೀಟು ಹಿಡಿದೆ. ಆ ಓಣಿ ಹಿಟ್ಟಿನ ಗಿರಣಿಯವರೆಗೂ ನೇರವಾಗಿತ್ತು. ನಡೆಸಿದೆ. ಇಪ್ಪತ್ತು ಹೆಜ್ಜೆ, ನಲವತ್ತು ಹೆಜ್ಜೆ, ಗಿರಣಿಯ ಕಟ್ಟೆ ಬಂತು. ಸೈಕಲ್ಲು ಕೂದಲೆಳೆಯಷ್ಟೂ ಅತ್ತಿತ್ತ ಹೋಗಲಿಲ್ಲ. ಅಲ್ಲಿಂದ ತಿರುಗಿಸಿ ಬರುವಾಗ ಸೀಟಿನ ಎಡ ಅಂಚನ್ನು ಒಂದಿಷ್ಟು ಒತ್ತಿ ನೋಡಿದೆ. ನೋಡುವವರಿಗೆ ಗೊತ್ತೇ ಆಗದಷ್ಟು. ಎಡಕ್ಕೆ ಎಳೆಯಿತು. ಅಂಗಡಿಯ ಮುಂದೆ, ನಾನು ಕಣ್ಣು ಬಿಟ್ಟುಕೊಂಡು ನಿಂತಿದ್ದಾಗ, ನನಗೆ ಕಲಿಸಿದ ಕೈಯೇ ನನಗೆ ಹೀಗೆ ಮಾಡಿತ್ತು.

ಬಸ್ಸಿನಲ್ಲಿ ತಂಗಿಗೆ ಏನೂ ಹೇಳಲಿಲ್ಲ. ಅವಳು ದಾರಿಯುದ್ದಕ್ಕೂ ಜೋಕಾಲಿಯ ಮಾತಾಡಿದಳು. ಅವಳನ್ನು ಮನೆ ಸೇರಿಸಿ, ಭಾನುವಾರದವರೆಗೆ ಕಾದು, ಕಟ್ಟೆಯ ಮುಂದೆ ಹೋಗಿ ನಿಂತೆ. ಕಾಕಾ ಸೀಟಿಗೆ ಎಣ್ಣೆ ತಿಕ್ಕುತ್ತಿದ್ದರು.

"ಕಾಕಾ, ಕರೇ ಸೈಕಲ್ಲು ನೆಟ್ಟಗ ಹೋಗ್ತೈತಿ."

ಅರಿವೆ ಹಿಡಿದ ಕೈ ನಿಂತಿತು. ಆಮೇಲೆ ತಲೆ ಎತ್ತದೆ ಹೇಳಿದರು. "ಬೀಗರು ಸೈಕಲ್ಲು ಕೇಳಿದ್ರು ತಮ್ಮಾ. ಹೊಸಾದು ನನ್ನ ಕೈಲಾಗ್ತಿರಲಿಲ್ಲ. ನೀ ಗಂಡುಮಗ, ಹೆಂಗಾರ ಬದುಕ್ತಿ."

ಅಷ್ಟು ಹೇಳಿ ಮತ್ತೆ ಎಣ್ಣೆ ತಿಕ್ಕತೊಡಗಿದರು. ತಪ್ಪಾಯಿತು ಎನ್ನಲಿಲ್ಲ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಆ ಕೈ ಮತ್ತೆ ತಿಕ್ಕಿದ್ದನ್ನು ಮಾತ್ರ ನನಗೆ ಇವತ್ತಿಗೂ ನುಂಗಲು ಆಗಿಲ್ಲ.

ಆ ವರ್ಷವೇ ಹಡಗಲಿಗೆ ಹೋಗಿ ಒಂದು ಬೀಜ ಗೊಬ್ಬರದ ಅಂಗಡಿ ಸೇರಿದೆ. ಹೆಂಗಾರ ಬದುಕಿದೆ, ಅವರ ಮಾತು ಸುಳ್ಳಾಗಲಿಲ್ಲ. ಆದರೆ ಅವತ್ತಿನಿಂದ ನಾನು ಯಾರ ಕಣ್ಣನ್ನೂ ನಂಬಿದವನಲ್ಲ. ಚಪ್ಪಲಿ ಕೊಂಡರೂ ನಾಲ್ಕು ಸಲ ತಿರುವಿ ನೋಡುತ್ತೇನೆ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಹಿರಿಯರನ್ನು ಕರೆದೊಯ್ಯಲಿಲ್ಲ, ಅದಕ್ಕೆ ನನ್ನ ಹೆಂಡತಿ ಈಗಲೂ ನಗುತ್ತಾಳೆ. ಅವಳಿಗೆ ಕಾರಣ ಹೇಳಿಲ್ಲ. ಕೆಲವು ವರ್ಷದ ಮೇಲೆ ಅವ್ವ ಯಾರ ಕೈಯಿಂದಲೋ ಕಾರ್ಡು ಬರೆಸಿದಳು, ಕಾಕಾ ಹೋದರು, ಬಂದು ಹೋಗು ಎಂದು. ಹೋಗಲಿಲ್ಲ. ತಂಗಿ ಮೂರು ಪಂಚಮಿ ಉಂಡಿ ಕಳಿಸಿದಳು, ಆಮೇಲೆ ಬಿಟ್ಟಳು. ಅವಳದೇನು ತಪ್ಪಿತ್ತು…

ಗುಜರಿಯವನು ಪೇಪರಿನ ದುಡ್ಡು ಕೊಟ್ಟು, ಸೀಟು ಒಯ್ಯಿರಿ ಸರ, ಹಂಗೇ ಕೊಡ್ತೀನಿ ಎಂದ. ರಾಶಿಯ ಮೇಲೆ ಇಟ್ಟು ಬಂದೆ. ದಾರಿಯಲ್ಲಿ ಕೈ ಮೂಸಿ ನೋಡಿಕೊಂಡೆ, ವಾಸನೆ ಹೋಗಿರಲಿಲ್ಲ. ಯಾಕೆ ಕಾಕಾ ಹಾಗೆ ಮಾಡಿದಿರಿ? ಇದು ತಂಗಿಗೆ ಬೇಕು ತಮ್ಮಾ, ಬಿಡು, ಎಂದು ಆ ಅಂಗಡಿಯ ಮುಂದೆ ಒಂದು ಮಾತು ಅಂದಿದ್ದರೆ, ನನ್ನ ನೂರೈವತ್ತನ್ನು ಸಾಬರ ಕೈಗೆ ಕೊಟ್ಟು, ಆ ಕರಿ ಸೈಕಲ್ಲನ್ನು ನಾನೇ ತುಳಿದುಕೊಂಡು ಹೋಗಿ ಅರಸೀಕೆರೆಯ ಬಾಗಿಲಿಗೆ ಒರಗಿಸಿ ಬರುತ್ತಿದ್ದೆ.