ಬಾತುಗಳ ದಾರಿ ಹೇಳಿಕೊಟ್ಟವಳು

ಚಳಿಗಾಲ ಬಂತೆಂದರೆ ಭಾನುವಾರ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬೆಳಗಿನ ಐದು ಗಂಟೆಗೇ ಏಳುತ್ತದೆ. ಅಕ್ಕಪಕ್ಕದವರಿಗೆ ಇದು ರೂಢಿಯಾಗಿದೆ. ಅಕ್ಕೋರು ಕೆರೆಗೆ ಹೊರಟರು ಎಂದುಕೊಂಡು ಹೊದಿಕೆ ಎಳೆದು ಇನ್ನೊಂದು ಮಗ್ಗುಲಾಗುತ್ತಾರೆ. ಈ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಗಟ್ಟಿ ಮೊಸರು ಬುತ್ತಿ ಕಟ್ಟಿಕೊಂಡು, ಸುರಪುರದ ಬಂಡೆಗುಡ್ಡಗಳನ್ನು ಬೆನ್ನಿಗೆ ಹಾಕಿ ಸ್ಕೂಟರಿನಲ್ಲಿ ಹೊರಟರೆ ಅರ್ಧ ಗಂಟೆಯೊಳಗೆ ಕೆರೆಯ ಏರಿ ಸಿಗುತ್ತದೆ. ಅಲ್ಲಿ ಕೆರೆಯ ಕಾವಲುಗಾರ ಲಾಲಸಾಬ್ ಚಾಚಾ ಚಹಾ ಕಾಸಿಟ್ಟುಕೊಂಡು ಕಾದಿರುತ್ತಾರೆ. ರೊಟ್ಟಿ ನನ್ನದು, ಚಹಾ ಅವರದು, ಹಕ್ಕಿಗಳು ಇಬ್ಬರವೂ ಅಲ್ಲ. ಹೀಗೆ ಎಷ್ಟೋ ಚಳಿಗಾಲ ನಾವಿಬ್ಬರೂ ಅಲ್ಲಿ ಕೂತು ಪಟ್ಟೆತಲೆಯ ಹೆಬ್ಬಾತುಗಳನ್ನು ಎಣಿಸಿದ್ದೇವೆ.

"ನಮ್ಮ ಮನಿಯಾಗ ಬಾತ್ ಅಂದ್ರ ಮಾತು, ನಿಮ್ಮ ಕನ್ನಡದಾಗ ಬಾತು ಅಂದ್ರ ಹಕ್ಕಿ. ಹಿಂಗಾಗಿ ನಾ ದಿನಾ ಬಾತಿನ ಬಾತ್ ಮಾಡಕೋಂತ ಕುಂತೀನಿ ನೋಡ್ರಿ" ಎಂದು ಚಾಚಾ ಆಗಾಗ ಹೇಳುವರು. ಆ ಮಾತಿಗೆ ನಾನು ಪ್ರತಿಸಲವೂ ನಗುತ್ತಿದ್ದೆ.

ಈ ಬಾತುಗಳನ್ನು ನೀವು ನೋಡಿರದಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ. ಬೂದಿಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ಯಾರೋ ಇದ್ದಿಲಿನಿಂದ ಎಳೆದಂಥ ಎರಡು ಕಪ್ಪು ಗೆರೆ. ಹಿಮಾಲಯದಾಚೆಯ ಸರೋವರಗಳಲ್ಲಿ ಹುಟ್ಟಿ, ಆ ಪರ್ವತವನ್ನೇ ದಾಟಿ ನಮ್ಮ ಕರಿನೆಲಕ್ಕೆ, ಕಾಲುವೆ ನೀರಿನ ಗದ್ದೆಗಳಿಗೆ ಬಂದು ಚಳಿಗಾಲ ಕಳೆದು, ಮುತ್ತುಗ ಹೂಬಿಟ್ಟು ಬೇವು ಚಿಗುರುವ ಹೊತ್ತಿಗೆ ಮತ್ತೆ ಹೊರಟು ನಿಲ್ಲುವ ಜೀವಗಳು ಇವು. ಹೊರಡುವ ಮುಂಚಿನ ಕೆಲವು ವಾರ ಅವಕ್ಕೆ ಇರುವುದು ಒಂದೇ ಕೆಲಸ. ಇರುಳೆಲ್ಲ ಹೊಲಗಳಲ್ಲಿ ಮೇಯುತ್ತವೆ, ಬೆಳಕು ಹರಿಯುತ್ತಲೇ ಸಾಲು ಕಟ್ಟಿ ಕೆರೆಗೆ ಮರಳುತ್ತವೆ, ಹಗಲು ನೀರಿನ ನಡುವೆ ತಲೆಯನ್ನು ರೆಕ್ಕೆಗೆ ಹುದುಗಿಸಿ ನಿದ್ದೆ ಮಾಡುತ್ತವೆ. ಮೈಯಲ್ಲಿ ಕೂಡಿಟ್ಟುಕೊಂಡ ಆ ಕೊಬ್ಬೇ ಅವುಗಳ ದಾರಿಯ ಬುತ್ತಿ. ಅದು ಕಡಿಮೆಯಾದರೆ ಪರ್ವತ ದಾಟಲಾಗದು.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು. ಸಿಟ್ಟು ಇಳಿಯಲಿ, ಆಮೇಲೆ ಬರೆದರಾಯಿತು ಎಂದು ಎರಡು ವರ್ಷ ಕಾದೆ. ಇಳಿಯಲಿಲ್ಲ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ನೀವು ಸಹಿಸಿಕೊಳ್ಳಬೇಕು.

ಆ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ ಹೊರಗಿನ ಒಂದು ಸಂಸ್ಥೆಯವರು ನಮ್ಮ ಸೀಮೆಗೆ ಬಂದಿಳಿದರು. ಅವರ ಬಳಿ ಒಂದು ಪುಟ್ಟ ವಿಮಾನವಿತ್ತು. ವಿಮಾನವೆಂದರೆ ಗೋಡೆ, ಕಿಟಕಿ ಏನೂ ಇಲ್ಲದ್ದು. ಮೂರು ಗಾಲಿಯ ಮೇಲೆ ಒಂದರ ಹಿಂದೊಂದು ಎರಡು ಕುರ್ಚಿ, ನೆತ್ತಿಯ ಮೇಲೆ ದಪ್ಪ ಬಟ್ಟೆಯ ತ್ರಿಕೋನ ರೆಕ್ಕೆ, ಬೆನ್ನಿಗೆ ಗಿರ್ರೆನ್ನುವ ದೊಡ್ಡ ಪಂಖ. ಶಹಾಪುರ ರಸ್ತೆಯ ಪಕ್ಕದಲ್ಲಿ ಜೋಳ ಕಟಾವಾದ ಹೊಲವೊಂದನ್ನು ರೋಲರ್ ಹೊಡೆಸಿ ಸಪಾಟು ಮಾಡಿ, ಅಲ್ಲಿಂದ ಹಾರಾಟ ನಡೆಸಿದರು. ಗುಡ್ಡಗಳ ಮೇಲೆ ಜನರಿಗೆ ಸವಾರಿ ಮಾಡಿಸುವುದು ಅವರ ಉದ್ಯೋಗ. ಅದರ ಪ್ರಚಾರಕ್ಕೆ ಒಂದು ಚಿತ್ರ ಬೇಕಾಗಿತ್ತು. ವಲಸೆ ಹೊರಟ ಹಕ್ಕಿಗಳ ಪಕ್ಕದಲ್ಲೇ ಮನುಷ್ಯ ಹಾರುವ ಚಿತ್ರ.

ಅವರ ಮುಖ್ಯಸ್ಥ ಶಾಲೆಗೆ ಬಂದು, "ಈ ಹಕ್ಕಿಗಳ ಬಗ್ಗೆ ನಿಮಗಿಂತ ತಿಳಿದವರು ಇಲ್ಲಿ ಯಾರೂ ಇಲ್ಲವಂತೆ ಮೇಡಂ" ಎಂದ. ನಾನು ಕರಗಿಹೋದೆ. ಇಷ್ಟು ವರ್ಷ ಹಕ್ಕಿ ಎಣಿಸುವ ಹುಚ್ಚಿ ಎಂದು ಬೆನ್ನ ಹಿಂದೆ ನಕ್ಕವರ ನಡುವೆ ಒಬ್ಬ ಕುರ್ಚಿ ಎಳೆದುಕೊಂಡು ಕೂತು ಕೇಳಿದಾಗ ಯಾರು ಕರಗುವುದಿಲ್ಲ ಹೇಳಿ. ಬಿಳಿ ಹಾಳೆಯ ಮೇಲೆ ನಾನೇ ನಕ್ಷೆ ಬರೆದುಕೊಟ್ಟೆ. ಯಾವ ಕಡಲೆ ಹೊಲದಿಂದ ಏಳುತ್ತವೆ, ಎಷ್ಟು ಗಂಟೆಗೆ ಏಳುತ್ತವೆ, ಕಾಲುವೆಯ ಗುಂಟ ಎಷ್ಟು ಎತ್ತರದಲ್ಲಿ ಬರುತ್ತವೆ, ಎಲ್ಲಿ ತಿರುಗುತ್ತವೆ, ಎಲ್ಲವನ್ನೂ ಬಣ್ಣದ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಪ್ರತಿಯಾಗಿ ಹಿಂದಿನ ಕುರ್ಚಿ ನನಗೆ ಎಂದರು.

ಚಾಚಾಗೆ ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟರು.

"ಬ್ಯಾಡ್ರಿ ಅಕ್ಕೋರ. ಈಗ ಅವು ಹೊಟ್ಟಿ ತುಂಬಿಸಿಕೊಳ್ಳಾಕತ್ತಾವು. ಈ ಹೊತ್ತಿನಾಗ ಎಬ್ಬಿಸಬಾರದ್ರಿ."

"ಎಬ್ಬಿಸೋದಿಲ್ಲ ಚಾಚಾ, ದೂರದಿಂದ ಪಕ್ಕಕ್ಕ ಹೋಗ್ತೀವಿ ಅಂದಾರ."

"ದೂರ ಅಂದ್ರ ಎಷ್ಟು ದೂರ? ಅದನ್ನ ಬಾತಿಗೆ ಕೇಳ್ಯಾರೇನು?"

ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದೆ. ಕಾವಲುಗಾರನ ಮಾತಿಗಿಂತ ನನ್ನ ಆಸೆ ದೊಡ್ಡದಾಗಿತ್ತು.

ಹಾರಿದ್ದು ಚೆಲುವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೂರ್ಯ ಇನ್ನೂ ಮೂಡಿರಲಿಲ್ಲ. ಬಿರುಕುಬಿಟ್ಟ ಕರಿನೆಲ ಗಾಲಿಯಡಿಯಿಂದ ಸರಿದು, ನಾಟಿ ಮಾಡಿದ ಗದ್ದೆಗಳು ಕನ್ನಡಿಯ ಚೂರುಗಳಾಗಿ ಹೊಳೆದು, ದೂರದಲ್ಲಿ ಕೃಷ್ಣೆ ಬೆಳ್ಳಗೆ ಬಳುಕಿದಳು. ಶಹಾಪುರದ ಗುಡ್ಡದಲ್ಲಿ ನಾವೆಲ್ಲ ಚಿಕ್ಕಂದಿನಿಂದ ಕಂಡ ಮಲಗಿದ ಬುದ್ಧನ ಆಕಾರ ಆ ಎತ್ತರದಿಂದ ಕಾಣಲೇ ಇಲ್ಲ, ಬರೀ ಬಂಡೆಗಳಿದ್ದವು. ಅಷ್ಟರಲ್ಲಿ ಕಡಲೆ ಹೊಲದಿಂದ ಬಾತುಗಳು ಎದ್ದವು. ನಾನು ಹೇಳಿದ ಗಳಿಗೆಗೆ, ನಾನು ಗೆರೆ ಎಳೆದ ಜಾಗದಲ್ಲೇ. ಒಂದು ಸಾಲು, ಅದರ ಹಿಂದೆ ಇನ್ನೊಂದು. ನಾವು ಅವುಗಳ ಎಡಕ್ಕೆ ಬಹಳ ದೂರದಲ್ಲಿದ್ದೆವು. ಆ ಬಿಳಿ ತಲೆಗಳ ಮೇಲಿನ ಗೆರೆ ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಂಡಿತು. ಕೆಳಗೆ ಕೂತು ತಲೆಯೆತ್ತಿ ನೋಡಿದ ಹಕ್ಕಿಗಳನ್ನು ಅವುಗಳ ಸಮಕ್ಕೇ ನೋಡುತ್ತಿದ್ದೆ. ನನ್ನ ಕಣ್ಣು ತುಂಬಿಬಂದಿತ್ತು.

ಆಗ ಕಿವಿಯ ಹತ್ತಿರ ಶಿರಸ್ತ್ರಾಣದ ಸ್ಪೀಕರಿನಲ್ಲಿ, ರೆಕ್ಕೆಗೆ ಕಟ್ಟಿದ ಕ್ಯಾಮೆರಾದ ಚಿತ್ರವನ್ನು ಕೆಳಗೆ ಪರದೆಯಲ್ಲಿ ನೋಡುತ್ತಿದ್ದ ಮುಖ್ಯಸ್ಥನ ದನಿ ಬಂತು. "ಫ್ರೇಮಿನಲ್ಲಿ ಚುಕ್ಕಿಯ ಹಾಗೆ ಕಾಣ್ತಿವೆ. ಇನ್ನೂ ಹತ್ತಿರ ಹೋಗು."

ಪೈಲಟ್ ರೆಕ್ಕೆಯನ್ನು ಬಲಕ್ಕೆ ವಾಲಿಸಿದ.

"ಸಾಕು, ಇನ್ನೂ ಹತ್ತಿರ ಬೇಡ" ಎಂದೆ.

"ಭಯ ಪಡಬೇಡಿ ಮೇಡಂ, ನಾನು ನೂರಾರು ಸಲ ಹಾರಿದ್ದೀನಿ."

"ಭಯ ನನ್ನ ಬಗ್ಗೆ ಅಲ್ಲ. ಅವು ಚದುರುತ್ತವೆ."

ಕೆಳಗಿನಿಂದ ಮತ್ತೆ ದನಿ, "ಮಧ್ಯೆ ಹೋಗು, ಮಧ್ಯೆ." ನಾನು ಅವನ ಬೆನ್ನಿಗೆ ಗುದ್ದಿದೆ. ಯಂತ್ರ ಸಾಲಿನೊಳಗೆ ಹೊಕ್ಕಿತು. ಅಷ್ಟು ಹೊತ್ತು ಒಂದೇ ದಾರವಾಗಿದ್ದದ್ದು ಕಿತ್ತುಹೋಯಿತು. ಮೇಲೆ, ಕೆಳಗೆ, ನಮ್ಮ ಕಾಲ ಬಳಿ, ಎಲ್ಲೆಲ್ಲೂ ದಿಕ್ಕೆಟ್ಟ ರೆಕ್ಕೆಗಳು. ಯಂತ್ರದ ಸದ್ದಿನಲ್ಲೂ ಅವುಗಳ ಕೂಗು ಕೇಳಿಸಿತು. ಒಂದು ಗುಂಪು ಕೆಳಕ್ಕೆ ಹಾರಿ ಕಾಲುವೆ ದಾಟಿದ ದೊಡ್ಡ ವಿದ್ಯುತ್ ತಂತಿಗಳತ್ತ ಹೋಯಿತು. ಅದರಲ್ಲಿ ಒಂದು ಹಕ್ಕಿ ತಂತಿಗೆ ಬಡಿದು, ಒಂದೇ ರೆಕ್ಕೆ ಬಡಿಯುತ್ತ ಸುತ್ತಿ ಸುತ್ತಿ ಕೆಳಗೆ ಬಿತ್ತು.

ನೆಲಕ್ಕಿಳಿದಾಗ ಕ್ಯಾಮೆರಾದವರು ಚಪ್ಪಾಳೆ ತಟ್ಟುತ್ತಿದ್ದರು. ಶಿರಸ್ತ್ರಾಣ ಕಳಚಿ ನೇರ ಮುಖ್ಯಸ್ಥನ ಬಳಿ ಹೋದೆ. ಒಂದು ಹಕ್ಕಿ ತಂತಿಗೆ ಬಡಿದು ಬಿತ್ತು, ಇನ್ನು ಹಾರಬೇಡಿ ಎಂದೆ.

"ಒಂದು ಹಕ್ಕಿ ತಾನೆ ಮೇಡಂ" ಎಂದ ಮುಖ್ಯಸ್ಥ. "ಬೆಳಕು ಇನ್ನೂ ಸ್ವಲ್ಪ ಚೆನ್ನಾಗಿರಬೇಕಿತ್ತು. ನಾಳೆ ಇನ್ನೊಂದು ಸಲ ಮಾಡೋಣ."

"ನಾನು ಬರುವುದಿಲ್ಲ."

"ಪರವಾಗಿಲ್ಲ. ನಕ್ಷೆ ಇದೆಯಲ್ಲ."

ಅವನು ಒರಟಾಗಿಯೂ ಹೇಳಲಿಲ್ಲ, ಕೊಂಕಾಗಿಯೂ ಹೇಳಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ಕಾಗದ ವಾಪಸು ಕೊಡೆಂದು ಕೇಳಿದೆ. ಫೋಟೊ ತೆಗೆದುಕೊಂಡಿದ್ದೇವೆ ಎಂದು ನಗುತ್ತ ಕಾಗದ ಕೊಟ್ಟ. ಮುಂದಿನ ಮೂರು ಬೆಳಿಗ್ಗೆಯೂ ನಾನು ಮನೆಯ ಮಾಳಿಗೆಯ ಮೇಲೆ ನಿಂತು ಆ ಗಿರ್ರೆನ್ನುವ ಸದ್ದನ್ನು ಕೇಳಿದೆ. ನಾಲ್ಕನೆಯ ದಿನ ಬಾತುಗಳು ಕೆರೆಯಲ್ಲಿರಲಿಲ್ಲ. ಹೊರಡಲು ಇನ್ನೂ ಎರಡು ವಾರವಿರುವಾಗಲೇ ಹೊರಟುಹೋಗಿದ್ದವು. ಎಷ್ಟು ಬುತ್ತಿ ಕಟ್ಟಿಕೊಂಡಿದ್ದವೋ, ಎಲ್ಲಿಯವರೆಗೆ ಹೋದವೋ, ಎಷ್ಟು ದಾಟಿದವೋ, ನನಗೆ ಎಂದೂ ತಿಳಿಯುವುದಿಲ್ಲ.

ತಂತಿಗೆ ಬಡಿದ ಹಕ್ಕಿಯನ್ನು ಹುಡುಕಿದ್ದು ಚಾಚಾ. ತಮ್ಮ ಶಾಲಿನಲ್ಲಿ ಸುತ್ತಿ ಶಹಾಪುರದ ಪಶು ಆಸ್ಪತ್ರೆಗೆ ಒಯ್ದರಂತೆ. ವೈದ್ಯರು ಕೈಲಾದದ್ದು ಮಾಡಿದರು. ಎರಡನೆಯ ದಿನ ಅದು ಸತ್ತಿತು. ಹೂಳುವ ಮುಂಚೆ ಚಾಚಾ ಅದನ್ನು ಹಿಡಿದುಕೊಂಡು ಶಾಲೆಯ ಗೇಟಿಗೆ ಬಂದರು. ಮಧ್ಯಾಹ್ನದ ಊಟದ ಬಿಡುವು, ಮಕ್ಕಳು ನೋಡುತ್ತಿದ್ದರು.

"ಎದಿ ಮ್ಯಾಲ ಕೈ ಇಟ್ಟು ನೋಡ್ರಿ ಅಕ್ಕೋರ."

ಇಟ್ಟೆ. ಗರಿಯ ಕೆಳಗೆ ಮೆತ್ತಗೆ, ತುಂಬಿದಂತಿತ್ತು.

"ಉಂಡು ತಯಾರಾಗಿತ್ರಿ. ಹೊರಡೋದಷ್ಟ ಬಾಕಿ ಇತ್ತು." ಹಕ್ಕಿಯನ್ನು ಮತ್ತೆ ಶಾಲಿನಲ್ಲಿ ಸುತ್ತಿ, "ಎಣಿಕ್ಯಾಗ ಒಂದು ಕಮ್ಮಿ ಬರ್ಕೊಳ್ರಿ" ಎಂದು ಹೇಳಿ ಹೋದರು. ಆಮೇಲೆ ನನ್ನ ಫೋನು ಎತ್ತಲಿಲ್ಲ.

ಯುಗಾದಿಯ ಹೊತ್ತಿಗೆ ಆ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಮೂರು ನಿಮಿಷದ ಚಿತ್ರ. ಕೊಳಲಿನ ಸಂಗೀತ, ಬಂಗಾರದ ಬೆಳಕು, ಯಂತ್ರದ ಸುತ್ತ ಚದುರಿದ ಬಾತುಗಳು. ದಿಗಿಲಿನಿಂದ ಹಾರಿದ್ದನ್ನು ನಿಧಾನಗತಿಯಲ್ಲಿ ತೋರಿಸಿದರೆ ಅದು ನಾಟ್ಯದಂತೆ ಕಾಣುತ್ತದೆಂದು ನನಗೆ ಅಂದೇ ತಿಳಿದದ್ದು. ತಂತಿಗಳು ಬರುವ ಕಡೆ ಕತ್ತರಿಸಿದ್ದರು. ಕೊನೆಯಲ್ಲಿ ಕೃತಜ್ಞತೆ ಎಂಬ ಮಾತಿನ ಕೆಳಗೆ ನನ್ನ ಹೆಸರಿತ್ತು. ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಅಭಿನಂದಿಸಿದರು. ಹಕ್ಕಿಗಳ ಬಗ್ಗೆ ತಿಳಿದವಳೆಂಬ ಒಂದೇ ಕಾರಣಕ್ಕೆ ಹಕ್ಕಿಗಳ ಮೇಲೆ ಹಕ್ಕಿದೆಯೆಂದು ನಡೆದುಕೊಂಡವಳಿಗೆ ಸಿಕ್ಕ ಸನ್ಮಾನ ಅದು. ಆ ಮುಖ್ಯಸ್ಥನ ಮೇಲೆ, ಆ ಪೈಲಟ್ಟನ ಮೇಲೆ, ಲೈಕ್ ಒತ್ತುತ್ತಿದ್ದ ಬೆರಳುಗಳ ಮೇಲೆ ನನಗೆ ಸಿಟ್ಟು ಬಂತು; ಆದರೆ ಆ ಎಲ್ಲ ಸಿಟ್ಟುಗಳೂ ಸುತ್ತಿ ಬಂದು ಇಳಿಯುತ್ತಿದ್ದದ್ದು ನನ್ನ ಮೇಲೆಯೇ. ಆ ಹಾಳೆಗೆ ಬಣ್ಣ ತುಂಬಿದ ಕೈ ನನ್ನದು.

ಆ ಸಂಜೆ ದೂರು ಬರೆದೆ. ಗುಡ್ಡದ ಮೇಲೆ ಹಾರಲು ಅವರಿಗೆ ಪರವಾನಗಿ ಇತ್ತು, ಕೆರೆಯ ಹಕ್ಕಿಗಳನ್ನು ಅಟ್ಟಲು ಇರಲಿಲ್ಲ. ಮೊದಲ ವಾಕ್ಯದಲ್ಲೇ, ಹಕ್ಕಿಗಳ ದಾರಿ ಹೇಳಿಕೊಟ್ಟವಳು ನಾನೇ, ಆ ಯಂತ್ರದಲ್ಲಿ ಕೂತಿದ್ದವಳೂ ನಾನೇ ಎಂದು ಬರೆದೆ. ಯಾದಗಿರಿಯ ಅರಣ್ಯ ಇಲಾಖೆಯ ಕಚೇರಿಯಲ್ಲಿ ಅಧಿಕಾರಿ ಅದನ್ನು ಎರಡು ಸಲ ಓದಿದರು.

"ಈ ಮೊದಲನೇ ಸಾಲು ತಗೀರಿ ಮೇಡಂ. ನೀವು ಸರ್ಕಾರಿ ನೌಕರಿ ಮಾಡೋರು. ನಿಮಗೂ ತೊಂದ್ರಿ ಆಗ್ತದ."

"ಅದನ್ನ ತಗದ್ರ ಉಳಿದದ್ದು ಸುಳ್ಳಾಗ್ತದ್ರಿ."

"ಸಾಕ್ಷಿ ಯಾರಿದ್ದಾರ?"

ನಾನು ಬಾಯಿ ತೆರೆಯುವ ಮುಂಚೆ ಹಿಂದಿನಿಂದ, "ನಾ ಇದ್ದೀನ್ರಿ ಸಾಹೇಬ್ರ" ಎಂಬ ದನಿ ಬಂತು. ಲಾಲಸಾಬ್ ಚಾಚಾ ಬಾಗಿಲಲ್ಲಿ ನಿಂತಿದ್ದರು. ಹಕ್ಕಿ ಸತ್ತ ಸಂಗತಿಯನ್ನು ಪಶು ಆಸ್ಪತ್ರೆಯವರು ವರದಿ ಮಾಡಿದ್ದರಿಂದ ಅವರಿಗೂ ಅಂದೇ ಹೇಳಿಕೆ ಕೊಡಲು ಕರೆ ಬಂದಿತ್ತಂತೆ. ಆಸ್ಪತ್ರೆಯ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ ಉರ್ದುವಿನಲ್ಲಿ ಸಹಿ ಮಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಜಾಗ ಸಿಕ್ಕಿತು.

"ಸಿಟ್ಟು ಇಳೀತೇನ್ರಿ ಅಕ್ಕೋರ?" ಎಂದರು ಚಾಚಾ, ಶಹಾಪುರ ದಾಟಿದ ಮೇಲೆ.

"ಇಲ್ಲ ಚಾಚಾ."

"ನಂದೂ ಇಳದಿಲ್ಲ. ನಿಮ್ಮ ಮ್ಯಾಲಿಂದೂ ಇಳದಿಲ್ಲ."

"ಇಳಿಯೋದು ಬ್ಯಾಡ" ಎಂದೆ. ಅವರು ತಲೆಯಾಡಿಸಿ ಕಿಟಕಿಯಾಚೆ ನೋಡಿದರು.

ಸಂಸ್ಥೆಯ ಪರವಾನಗಿ ರದ್ದಾಯಿತು; ರೋಲರ್ ಹೊಡೆಸಿದ ಹೊಲವನ್ನು ಅದರ ಯಜಮಾನ ಮಳೆಗಾಲಕ್ಕೆ ಮತ್ತೆ ಉಳುಮೆ ಮಾಡಿಸಿದ. ನನಗೆ ಶಿಕ್ಷಣ ಇಲಾಖೆಯಿಂದ ಎಚ್ಚರಿಕೆಯ ಪತ್ರ ಬಂತು, ಅದು ನನ್ನ ಸೇವಾ ಪುಸ್ತಕದಲ್ಲಿದೆ, ಇರಲಿ. ಚಿತ್ರ ಮಾತ್ರ ಇನ್ನೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇದೆ; ಅದನ್ನು ಇಳಿಸುವ ಕಚೇರಿ ಎಲ್ಲಿದೆಯೋ ನನಗೆ ಸಿಕ್ಕಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಬಾತುಗಳು ಬಂದವು. ಆದರೆ ಈಗ ಅವು ಏರಿಯ ಕಡೆ ಇಳಿಯುವುದಿಲ್ಲ, ಕೆರೆಯ ಆಚೆ ದಂಡೆಯಲ್ಲಿ, ಕಣ್ಣಿಗೆ ಎಟುಕದಷ್ಟು ದೂರದಲ್ಲಿ ಇಳಿಯುತ್ತವೆ. ಎಣಿಸಬೇಕೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದದ ಕೆಸರಿನಲ್ಲಿ ಅರ್ಧ ಕೆರೆ ಸುತ್ತಬೇಕು. ಚಾಚಾ ಮುಂದೆ, ನಾನು ಹಿಂದೆ, ಜಂಬುಹುಲ್ಲಿನ ಮರೆಯಲ್ಲಿ ಬಗ್ಗಿ ನಡೆಯುತ್ತೇವೆ. ಮೋಡವೊಂದು ಸರಿದು ನೀರಿನ ಮೇಲೆ ನೆರಳು ಬಿದ್ದರೂ ಸಾಕು, ನೂರಾರು ಕತ್ತುಗಳು ಒಮ್ಮೆಲೇ ಮೇಲೇಳುತ್ತವೆ. ಅವು ಆಕಾಶ ನೋಡಿ ನೋಡಿ, ಒಂದೊಂದಾಗಿ ತಲೆಯನ್ನು ಮತ್ತೆ ರೆಕ್ಕೆಯೊಳಗೆ ಹುದುಗಿಸುವ ತನಕ ನಾವಿಬ್ಬರೂ ಕೆಸರಿನಲ್ಲಿ ಅಲುಗಾಡದೆ ನಿಂತಿರುತ್ತೇವೆ.